ಸಿಕ್ಕ ಗೋಡೆ, ಊಹಿಸಿದ ಗೋಡೆ: ವಿಆರ್‌ನಲ್ಲಿ ಇತಿಹಾಸ ಕಲಿಸುವ ಬಗೆ

(ಇತಿಹಾಸ ಕಲಿಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ವಿಆರ್ ಹೆಡ್‌ಸೆಟ್ ಹಾಕಿಕೊಂಡು ಹಳೆಯ ರೋಮ್ ಸುತ್ತಿ ಬಂದವರು ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ಸುತ್ತದವರಿಗೆ ಎರಡು ಮಾತು. ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಕಂಪ್ಯೂಟರಿನಲ್ಲಿ ಕಟ್ಟಿದ ಲೋಕವನ್ನು ಕಣ್ಣ ಸುತ್ತ ತೋರಿಸುವ ತಂತ್ರ. ಅದರ ಸಾಧನವನ್ನು ಕಣ್ಣಿಗೆ ಕಟ್ಟಿಕೊಂಡ ಕೂಡಲೇ ನೀವು ಕೂತ ಕೋಣೆ ಮಾಯ. ಪುಸ್ತಕದಲ್ಲಿ ಬೆರಳುದ್ದ ಕಾಣುತ್ತಿದ್ದ ಕಂಬದ ತುದಿ ನೋಡಲು ಈಗ ಕತ್ತು ಎತ್ತಬೇಕು. ಬೀದಿ ಎಷ್ಟು ಕಿರಿದು, ಮೆಟ್ಟಿಲು ಎಷ್ಟು ಕಡಿದು, ಹೆಬ್ಬಾಗಿಲ ಮುಂದೆ ಮನುಷ್ಯ ಎಷ್ಟು ಸಣ್ಣವನು ಅನ್ನುವುದು ಮೈಗೇ ತಿಳಿಯುತ್ತದೆ. ಅಳತೆ, ದೂರ, ಎತ್ತರ ಇವುಗಳನ್ನು ಕಪ್ಪು ಹಲಗೆಯ ಮೇಲೆ ಮುಟ್ಟಿಸುವುದು ಎಷ್ಟು ಕಷ್ಟ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು.

ಈ ತಂತ್ರಜ್ಞಾನದ ಮೇಲೆ ನನಗೆ ತುಂಬ ಪ್ರೀತಿ. ಅದಕ್ಕೇ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಿಆರ್‌ನಲ್ಲಿ ಕಾಣುವ ಹಳೆಯ ಊರನ್ನು ನಾವು ಫೋಟೋ ಅಂದುಕೊಳ್ಳಬಾರದು. ಅದೊಂದು ವಾದ. "ಈ ಕಟ್ಟಡ ಹೀಗಿತ್ತು ಅಂತ ನಮಗನ್ನಿಸುತ್ತದೆ, ಅದಕ್ಕೆ ಇಂತಿಂಥ ಕಾರಣ" ಎಂದು ಕೆಲವರು ಕೂತು ಯೋಚಿಸಿ ಮಂಡಿಸಿದ ವಾದ. ವಾದ ಅಂದ ಮೇಲೆ ಅದಕ್ಕೆ ಆಧಾರ ಕೇಳಬಹುದು, ಎದುರು ಮಾತಾಡಬಹುದು, ಒಪ್ಪದೆಯೂ ಇರಬಹುದು. ಮಕ್ಕಳಿಗೆ ಇಷ್ಟು ಮಾಡಲು ಬಂದರೆ ಅವರು ಇತಿಹಾಸ ಕಲಿತರು ಅಂತಲೇ ಅರ್ಥ. ಸುಮ್ನೆ ನೋಡಿ "ಅಬ್ಬಾ" ಅಂದು ಹೆಡ್‌ಸೆಟ್ ತೆಗೆದಿಟ್ಟರೆ ಅವರು ನೋಡಿದ್ದು ಒಂದು ಪ್ರದರ್ಶನ, ಅಷ್ಟೇ.

ರೋಮ್‌ನ ಮಾತನ್ನೇ ಮುಂದುವರಿಸುತ್ತೇನೆ. 'ರೋಮ್ ರೀಬಾರ್ನ್' ಅನ್ನುವ ಯೋಜನೆ 1990ರ ದಶಕದಲ್ಲಿ ಶುರುವಾಯಿತು. ಬರ್ನಾರ್ಡ್ ಫ್ರಿಷರ್ ಅದರ ಮುಂದಾಳು. ಮೊದಲ ರೂಪ 2007ರಲ್ಲಿ ಹೊರಬಂತು. ಅದರಲ್ಲಿ ಕಾಣುವುದು ಕ್ರಿ.ಶ. 320ರ ರೋಮ್, ಸುಮಾರು 7000 ಕಟ್ಟಡಗಳು. ಇವುಗಳಲ್ಲಿ ಜಾಗ, ಅಳತೆ, ರೂಪ ಮೂರೂ ಒಂದು ಮಟ್ಟಿಗೆ ಗೊತ್ತಿರುವುದು ಕೆಲವು ನೂರು ಕಟ್ಟಡಗಳದ್ದು ಮಾತ್ರ. ಉಳಿದವು ಎಲ್ಲಿಂದ ಬಂದವು? 4ನೇ ಶತಮಾನದ ಪಟ್ಟಿಗಳಿವೆ. ನಗರದ 14 ವಿಭಾಗಗಳಲ್ಲಿ ಯಾವುದರಲ್ಲಿ ಎಷ್ಟು ಮನೆ, ಎಷ್ಟು ಸ್ನಾನಗೃಹ, ಎಷ್ಟು ಗೋದಾಮು ಅಂತ ಅವು ಹೇಳುತ್ತವೆ. ಜೊತೆಗೆ ಇಟಾಲೊ ಗಿಸ್ಮೊಂಡಿ 1930ರ ದಶಕದಿಂದ ವರ್ಷಗಟ್ಟಲೆ ಕೂತು ಮಾಡಿದ 1:250 ಅಳತೆಯ ಪ್ಲಾಸ್ಟರ್ ಮಾದರಿ ಇದೆ. ಆ ಮಾದರಿಯನ್ನೂ ಸ್ಕ್ಯಾನ್ ಮಾಡಿ ಬಳಸಿಕೊಂಡರು. ಹಾಗಾಗಿ ಕೊಲೋಸಿಯಂ ಪಕ್ಕದ ಬೀದಿಯಲ್ಲಿ ನೀವು ನಿಂತಾಗ ಎದುರಿಗಿರುವ ಕೊಲೋಸಿಯಂ ಅಳೆದದ್ದು, ಬೆನ್ನ ಹಿಂದಿನ ಮನೆ ಬಹುಪಾಲು "ಇಲ್ಲಿ ಇಂಥದ್ದೊಂದು ಇದ್ದಿರಬೇಕು" ಅನ್ನುವ ಲೆಕ್ಕದ್ದು. ಕಣ್ಣಿಗೆ ಮಾತ್ರ ಎರಡೂ ಒಂದೇ ಸಮ ಗಟ್ಟಿ. ಎರಡಕ್ಕೂ ಒಂದೇ ಬಿಸಿಲು, ಒಂದೇ ನೆರಳು.

ತೊಂದರೆ ಇರುವುದು ಇಲ್ಲೇ. ಬರಹದಲ್ಲಿ "ಬಹುಶಃ" ಅನ್ನಬಹುದು, "ಇದ್ದಿರಬಹುದು" ಅನ್ನಬಹುದು. ಗೋಡೆಗೆ "ಬಹುಶಃ" ಹೇಳಲು ಬರುವುದಿಲ್ಲ. ಅದು ಇದೆ, ಇಲ್ಲವೇ ಇಲ್ಲ. ಚಾವಣಿ ಗೊತ್ತಿಲ್ಲ ಅಂತ ಚಾವಣಿ ಬಿಟ್ಟರೆ ಬಿಸಿಲು ಒಳಗೆ ಬರುತ್ತದೆ, ಕೋಣೆಯ ಗುಣವೇ ಬೇರೆಯಾಗುತ್ತದೆ. ಹಾಗಾಗಿ ಕಟ್ಟುವವರು ಏನಾದರೊಂದು ತೀರ್ಮಾನ ಮಾಡಲೇಬೇಕು.

ಇದು ಕಂಪ್ಯೂಟರ್ ತಂದ ಸಮಸ್ಯೆಯೇನೂ ಅಲ್ಲ. ಕ್ರೀಟ್ ದ್ವೀಪದ ನೊಸೊಸ್ ಅರಮನೆಯನ್ನು ಆರ್ಥರ್ ಇವಾನ್ಸ್ 1900ರಿಂದ ಅಗೆಸಿದರು. ಅಗೆದು ಸುಮ್ಮನಾಗಲಿಲ್ಲ. ಕಾಂಕ್ರೀಟಿನಲ್ಲಿ ಕಂಬ, ಮಹಡಿ, ಮೆಟ್ಟಿಲು ಕಟ್ಟಿಸಿ ಬಣ್ಣ ಹೊಡೆಸಿದರು. ಅಲ್ಲಿನ 'ಲಿಲ್ಲಿ ಹೂಗಳ ರಾಜಕುಮಾರ' ಅನ್ನುವ ಚಿತ್ರವನ್ನು ಕೆಲವು ಚೂರುಗಳನ್ನು ಹಿಡಿದು ಜೋಡಿಸಿದ್ದು. ಆ ಚೂರುಗಳು ಒಬ್ಬನ ಚಿತ್ರದವೇ ಅಲ್ಲ, ಬೇರೆ ಬೇರೆ ಚಿತ್ರದವು ಅಂತ ವಾದಿಸುವ ವಿದ್ವಾಂಸರಿದ್ದಾರೆ. ಆದರೂ ನೂರು ವರ್ಷಗಳಿಂದ ಜನ ಆ ಕಾಂಕ್ರೀಟನ್ನೇ ಅರಮನೆ ಅಂತ ನೋಡಿ ಬರುತ್ತಿದ್ದಾರೆ. ಕಾಂಕ್ರೀಟನ್ನು ಕೆಡವಿದರೆ ಕೆಳಗಿನ ಅಸಲು ಕಲ್ಲಿಗೂ ಪೆಟ್ಟು. ವಿಆರ್ ಮಾದರಿಗೆ ಆ ಹೆದರಿಕೆ ಇಲ್ಲ. ಇವತ್ತು ಒಂದು ಚಾವಣಿ ಹಾಕಿ ನೋಡಬಹುದು, ನಾಳೆ ತೆಗೆದು ಇನ್ನೊಂದು ಹಾಕಬಹುದು. ಒಂದೇ ಕಟ್ಟಡದ ಮೂರು ರೂಪಗಳನ್ನು ಪಕ್ಕಪಕ್ಕ ಇಡಬಹುದು. ನನ್ನ ಮಟ್ಟಿಗೆ ವಿಆರ್‌ನ ದೊಡ್ಡ ಬಲ ಇದೇ. ದುಃಖದ ಮಾತೆಂದರೆ, ಶಾಲೆಗೆ ಬರುವ ಮಾದರಿಗಳಲ್ಲಿ ಈ ಬಲವನ್ನು ಬಳಸಿಕೊಂಡವು ತೀರ ಕಡಿಮೆ.

ಊಹೆಯೂ ಪುರಾವೆಯಷ್ಟೇ ಗಟ್ಟಿಯಾಗಿ ಕಾಣುವ ಈ ತೊಂದರೆಯನ್ನು ಪುರಾತತ್ವದವರು ಮೊದಲೇ ಕಂಡುಕೊಂಡಿದ್ದರು. 2006ರಲ್ಲಿ 'ಲಂಡನ್ ಚಾರ್ಟರ್' ಅಂತ ಒಂದು ಒಡಂಬಡಿಕೆ ಬರೆದರು. ಅದರ ತಿರುಳು ಸರಳ. ಕಟ್ಟುವಾಗ ಏನು ತೀರ್ಮಾನ ಮಾಡಿದಿರಿ, ಯಾವ ಆಧಾರದ ಮೇಲೆ, ಯಾವುದನ್ನು ಬಿಟ್ಟಿರಿ ಅಂತ ಬರೆದಿಡಿ. ನೋಡುವವರಿಗೆ ಯಾವುದು ಪುರಾವೆ, ಯಾವುದು ಊಹೆ ಅಂತ ತಿಳಿಯಬೇಕು. ಯಾವುದಾದರೂ ಮಾದರಿಯನ್ನು ತರಗತಿಗೆ ತರುವ ಮೊದಲು ಈ ಬರಹ ಅದರ ಜೊತೆ ಇದೆಯಾ ಅಂತ ನಾನು ಮೊದಲು ನೋಡುತ್ತೇನೆ. ಚಿತ್ರ ಎಷ್ಟು ಚಂದ ಅನ್ನುವುದು ಆಮೇಲಿನ ಮಾತು.

ಒಂದು ವಿಷಯ ಇಲ್ಲೇ ಬಿಡಿಸಿ ಹೇಳಿಬಿಡಬೇಕು. ಸ್ಕ್ಯಾನ್ ಬೇರೆ, ಮರುಸೃಷ್ಟಿ ಬೇರೆ. ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚನ್ನು ಆಂಡ್ರ್ಯೂ ಟ್ಯಾಲನ್ ಅನ್ನುವ ಕಲಾ ಇತಿಹಾಸಕಾರ ಲೇಸರ್‌ನಿಂದ ಅಳೆದಿದ್ದರು. ನೂರು ಕೋಟಿಗೂ ಜಾಸ್ತಿ ಬಿಂದುಗಳು. 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದ ಮೇಲೆ ಮತ್ತೆ ಕಟ್ಟುವವರಿಗೆ ಆ ಅಳತೆ ನೆರವಾಯಿತು. ಅದು ಇದ್ದದ್ದನ್ನು ಇದ್ದ ಹಾಗೆ ಹಿಡಿದಿಟ್ಟದ್ದು. ಇಲ್ಲವಾದದ್ದನ್ನು ಊಹಿಸಿ ಕಟ್ಟುವುದು ಬೇರೆಯದೇ ಕೆಲಸ. ಹೆಡ್‌ಸೆಟ್ಟಿನೊಳಗೆ ಎರಡೂ ಒಂದೇ ಥರ ಕಾಣುವುದರಿಂದ ಜನ ಎರಡನ್ನೂ ಒಂದೇ ಅಂದುಕೊಂಡುಬಿಡುತ್ತಾರೆ.

ಇನ್ನು ಸಂಶೋಧನೆಯ ಕಡೆಗೆ ಬರೋಣ. ವಿಆರ್ ಬರೀ ತೋರಿಸುವುದಕ್ಕೆ ಅಂತ ತುಂಬ ಜನ ತಿಳಿದಿದ್ದಾರೆ. ಕೆಲವು ಪ್ರಶ್ನೆಗಳಿಗೆ ಮಾದರಿ ಇಲ್ಲದೆ ಉತ್ತರವೇ ಸಿಗುವುದಿಲ್ಲ. ಅಗಸ್ಟಸ್ ಚಕ್ರವರ್ತಿ ಈಜಿಪ್ಟಿನಿಂದ ಒಂದು ಕಲ್ಲುಕಂಬ ತರಿಸಿ ರೋಮ್‌ನಲ್ಲಿ ನಿಲ್ಲಿಸಿದ. ಸ್ವಲ್ಪ ದೂರದಲ್ಲಿ 'ಆರಾ ಪಾಚಿಸ್', ಅಂದರೆ ಶಾಂತಿಯ ಬಲಿಪೀಠ. ಚಕ್ರವರ್ತಿಯ ಹುಟ್ಟುಹಬ್ಬವಾದ ಸೆಪ್ಟೆಂಬರ್ 23ರಂದು ಕಂಬದ ನೆರಳು ಪೀಠದ ಕಡೆ ಚಾಚುತ್ತಿತ್ತು ಅಂತ ಎಡ್ಮಂಡ್ ಬುಕ್ನರ್ 1970ರ ದಶಕದಲ್ಲಿ ಹೇಳಿದರು. ಕೇಳಲು ಎಷ್ಟು ಚಂದ, ಅಲ್ವಾ? ಪುಸ್ತಕದಿಂದ ಪುಸ್ತಕಕ್ಕೆ ಆ ಮಾತು ಹರಡಿತು. ಹೋಗಿ ನೋಡಿ ಬರೋಣ ಅಂದರೆ ಸಾಧ್ಯವಿಲ್ಲ. ಕಂಬ ಈಗ ಬೇರೆ ಚೌಕದಲ್ಲಿದೆ, ಪೀಠವನ್ನೂ ಬೇರೆ ಕಡೆ ಜೋಡಿಸಿದ್ದಾರೆ. ಫ್ರಿಷರ್ ತಂಡ ಎರಡನ್ನೂ ಮಾದರಿಯಲ್ಲಿ ಹಳೆಯ ಜಾಗಕ್ಕೆ ತಂದಿಟ್ಟು, ನಾಸಾದ ಲೆಕ್ಕದಿಂದ ಆ ಕಾಲದ ಸೂರ್ಯನನ್ನು ಆಕಾಶದಲ್ಲಿ ಓಡಿಸಿತು. 2013ರಲ್ಲಿ ಅವರು ಹೇಳಿದ್ದು ಇಷ್ಟು: ಮುಖ್ಯವಾದದ್ದು ನೆರಳಲ್ಲ, ಸೂರ್ಯ. ಪೀಠದ ಎದುರು ದಾರಿಯಲ್ಲಿ ನಿಂತವರಿಗೆ ಅಕ್ಟೋಬರ್ 9ರಂದು ಸೂರ್ಯ ಸರಿಯಾಗಿ ಕಂಬದ ನೆತ್ತಿಯ ಮೇಲೆ ಕೂತ ಹಾಗೆ ಕಾಣುತ್ತಿದ್ದ. ಅದು ಪ್ಯಾಲಟೈನ್ ಬೆಟ್ಟದ ಅಪೋಲೊ ಗುಡಿಯ ಹಬ್ಬದ ದಿನ. ಈ ಮಾತನ್ನೂ ಎಲ್ಲರೂ ಒಪ್ಪಿಲ್ಲ, ಚರ್ಚೆ ನಡೆದಿದೆ. ಆದರೆ ಒಂದು ಚಂದದ ಕಥೆಯನ್ನು ಪರೀಕ್ಷೆಗೆ ಒಡ್ಡಲು ದಾರಿ ಸಿಕ್ಕಿತಲ್ಲ, ಅದು ಸಣ್ಣ ವಿಷಯವಲ್ಲ.

ಕಿವಿಗೂ ಹೀಗೇ ಒಂದು ಪರೀಕ್ಷೆ ನಡೆದಿದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಅಂಗಳದಲ್ಲಿ ಬಯಲಲ್ಲಿ ನಿಂತು ಪ್ರವಚನ ಕೊಡುತ್ತಿದ್ದ ಒಂದು ಕಟ್ಟೆ ಇತ್ತು. ಮೈಕು ಇಲ್ಲದ ಕಾಲ. ಅಷ್ಟು ಜನಕ್ಕೆ ಕೇಳುತ್ತಿತ್ತಾ? ಹಳೆಯ ಚರ್ಚು 1666ರ ಬೆಂಕಿಯಲ್ಲಿ ಹೋಯಿತು. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಆ ಅಂಗಳವನ್ನು ಮಾದರಿಯಲ್ಲಿ ಕಟ್ಟಿದರು. ಕವಿ ಜಾನ್ ಡನ್ 1622ರ ನವೆಂಬರ್ 5ಕ್ಕೆ ಬರೆದ ಪ್ರವಚನವನ್ನು ನಟನೊಬ್ಬನಿಂದ ಆ ಕಾಲದ ಉಚ್ಚಾರಣೆಯಲ್ಲೇ ಓದಿಸಿ ಅಲ್ಲಿ ಕೇಳಿಸಿದರು. 500 ಜನ ಇದ್ದರೆ ಹೇಗೆ, 5000 ಇದ್ದರೆ ಹೇಗೆ, ಹತ್ತಿರ ನಿಂತರೆ ಹೇಗೆ, ದೂರದಿಂದ ಹೇಗೆ ಅಂತ ನಾವೇ ಬದಲಾಯಿಸಿ ಕೇಳಬಹುದು. ನಾಯಿ ಬೊಗಳುತ್ತದೆ, ಗಂಟೆ ಹೊಡೆಯುತ್ತದೆ, ಮಾತು ಅದರೊಳಗೆ ದಾರಿ ಮಾಡಿಕೊಂಡು ಬರಬೇಕು. ಪ್ರವಚನವನ್ನು ಪುಟದ ಮೇಲೆ ಓದಿದವರು ಈ ಕಷ್ಟವನ್ನು ಯೋಚಿಸಿರುವುದೇ ಇಲ್ಲ. ಇನ್ನೂ ಒಂದು ಸಂಗತಿ ಇದೆ. ಆ ದಿನ ಹವಾಮಾನ ಕೆಟ್ಟಿದ್ದರಿಂದ ಡನ್ ನಿಜಕ್ಕೂ ಮಾತಾಡಿದ್ದು ಚರ್ಚಿನ ಒಳಗೆ. ಅಂದರೆ ಈ ಮಾದರಿ ತೋರಿಸುವುದು ನಡೆಯಬೇಕಿದ್ದ ಘಟನೆಯನ್ನು, ನಡೆದದ್ದನ್ನಲ್ಲ. ಇದನ್ನು ಮಕ್ಕಳಿಗೆ ಹೇಳಿ ನೋಡಿ. ಹಾಗಾದರೆ ಈ ಮಾದರಿಯಿಂದ ಏನು ಕಲಿಯಬಹುದು, ಏನು ಕಲಿಯಲಾಗದು ಅನ್ನುವ ಚರ್ಚೆ ತಾನಾಗಿಯೇ ಏಳುತ್ತದೆ.

ಮಾದರಿಯೊಂದು ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಉಂಟು. ಜರ್ಮನಿಯ ಬವೇರಿಯಾದ ಪೊಲೀಸರು, ನಾಜಿಗಳು ಲಕ್ಷಾಂತರ ಜನರನ್ನು ಕೊಂದ ಆಶ್‌ವಿಟ್ಜ್ ಶಿಬಿರವನ್ನು ಹಳೆಯ ನಕ್ಷೆ, ಫೋಟೋ, ಸ್ಕ್ಯಾನ್‌ಗಳಿಂದ ವಿಆರ್‌ನಲ್ಲಿ ಕಟ್ಟಿದರು. 2016ರಲ್ಲಿ ಡೆಟ್‌ಮೋಲ್ಡ್ ಊರಿನಲ್ಲಿ ಒಬ್ಬ ಮಾಜಿ ಕಾವಲುಗಾರನ ವಿಚಾರಣೆಯಲ್ಲಿ ಅದನ್ನು ಬಳಸಿಕೊಂಡರು. ಕಾವಲು ಗೋಪುರದ ಮೇಲೆ ನಿಂತವನಿಗೆ ಏನೇನು ಕಾಣುತ್ತಿತ್ತು? "ನನಗೇನೂ ಗೊತ್ತಿರಲಿಲ್ಲ" ಅನ್ನುವ ಮಾತು ನಿಲ್ಲುತ್ತದಾ? ನೋಟಕ್ಕೆ ಅಡ್ಡ ಬರಬಹುದಾದ ಮರಗಳನ್ನೂ ಅದರಲ್ಲಿ ಇಟ್ಟಿದ್ದರು. ಒಂದು ಮರ ಇತ್ತೇ ಇಲ್ಲವೇ ಅನ್ನುವುದು ಅಲ್ಲಿ ಅಲಂಕಾರದ ಪ್ರಶ್ನೆಯಲ್ಲ, ಸಾಕ್ಷ್ಯದ ಪ್ರಶ್ನೆ. ಮಾದರಿ ಕಟ್ಟುವವರೆಲ್ಲ ಪ್ರತಿ ಮರವನ್ನೂ ಅಷ್ಟೇ ಹೊಣೆಯಿಂದ ನೆಟ್ಟರೆ ಎಷ್ಟು ಚೆನ್ನ.

ಇಂಥ ಜಾಗಗಳ ಬಗ್ಗೆ ನನ್ನ ನಿಲುವು ಸ್ಪಷ್ಟ. ಮಗುವನ್ನು ಕೈದಿಯ ಜಾಗದಲ್ಲಿ ನಿಲ್ಲಿಸಬೇಡಿ. ಹೆಡ್‌ಸೆಟ್ ತೆಗೆದರೆ ಮುಗಿಯಿತು ಅನ್ನುವ ಅನುಭವ ಕೈದಿಯ ಅನುಭವ ಆಗಲಾರದು. ಹಾಗೆ ಅನ್ನಿಸುವಂತೆ ಮಾಡುವುದು ಸತ್ತವರಿಗೂ ನ್ಯಾಯವಲ್ಲ, ಮಗುವಿಗೂ ಒಳ್ಳೆಯದಲ್ಲ. ತನಿಖೆ ಮಾಡುವವರ ಜಾಗದಲ್ಲಿ ನಿಲ್ಲಿಸಿ. ಇಲ್ಲಿಂದ ಏನು ಕಾಣುತ್ತದೆ, ಅದಕ್ಕೆ ದಾಖಲೆ ಏನು ಅಂತ ಕೇಳಿ.

ಈಗ ತರಗತಿಗೆ ಬರುತ್ತೇನೆ. ನಾನು ಮತ್ತೆ ಮತ್ತೆ ಬಳಸುವುದು ಪಾಂಪೆಯ, ಅಂದರೆ ಜ್ವಾಲಾಮುಖಿ ಸಿಡಿದು ಹೂತುಹೋದ ಇಟಲಿಯ ರೋಮನ್ ಊರಿನ, ಒಂದು ಮನೆ. ಕೈಕಿಲಿಯಸ್ ಯುಕುಂಡಸ್ ಅನ್ನುವ ಲೇವಾದೇವಿದಾರನದ್ದು. 1875ರಲ್ಲಿ ಅಲ್ಲಿ ಅವನ ಲೆಕ್ಕಪತ್ರ ಸಿಕ್ಕಿತು, 150ಕ್ಕೂ ಜಾಸ್ತಿ ಮೇಣದ ಹಲಗೆಗಳು. ಮನೆ ಇರುವ ಇಡೀ ಬ್ಲಾಕನ್ನು ಸ್ವೀಡನ್ನಿನ ಸಂಶೋಧಕರು 2000ರಿಂದ ಅಭ್ಯಾಸ ಮಾಡಿ, ಲೇಸರ್‌ನಿಂದ ಅಳೆದು, ಮನೆಯ ತ್ರೀಡಿ ರೂಪವನ್ನು 2016ರಲ್ಲಿ ಹೊರತಂದರು.

ನಾನು ಮಾಡುವುದು ಇಷ್ಟು. ಮೊದಲು ಹೆಡ್‌ಸೆಟ್ ಇಲ್ಲ. ಮನೆಯ ನಕ್ಷೆಯ ಪ್ರತಿ ಮತ್ತು ಮೂರು ಬಣ್ಣದ ಪೆನ್ಸಿಲ್ ಕೊಡುತ್ತೇನೆ. ಹಸಿರು ಅಂದರೆ ಅಗೆದಾಗ ಸಿಕ್ಕಿದ್ದು. ಹಳದಿ ಅಂದರೆ ಆಧಾರವಿರುವ ಊಹೆ. ಕೆಂಪು ಅಂದರೆ ಬರೀ ಕಲ್ಪನೆ. ಆಮೇಲೆ ಒಬ್ಬೊಬ್ಬರೂ ಮನೆಯನ್ನು ಸ್ವಲ್ಪ ಹೊತ್ತು ಸುತ್ತಿ ಬಂದು ಬಣ್ಣ ಹಚ್ಚಬೇಕು. ಬಾಗಿಲಲ್ಲಿ ಮಲಗಿದ ನಾಯಿಯ ಚಿತ್ರವನ್ನು ಚೂರುಕಲ್ಲಿನಲ್ಲಿ ಕೂರಿಸಿದ್ದಾರೆ. ಅದು ಹಸಿರು, ಇವತ್ತಿಗೂ ಅಲ್ಲೇ ಇದೆ. ಗೋಡೆಯ ಬಣ್ಣ? ಕೆಳಗಿನ ಭಾಗ ಸಿಕ್ಕಿದೆ, ಮೇಲಿನದಕ್ಕೆ ಹಳದಿ. ಮಹಡಿ? ಜ್ವಾಲಾಮುಖಿಯ ಕಲ್ಲು ಸುರಿದ ಭಾರಕ್ಕೆ ಊರಿನ ಮಹಡಿಗಳು ಕುಸಿದಿದ್ದವು. ಹಾಗಾದರೆ ಇದು ಹಳದಿಯೋ ಕೆಂಪೋ? ಇಲ್ಲಿ ಜಗಳ ಶುರುವಾಗುತ್ತದೆ. ನನಗೆ ಬೇಕಾದ ಜಗಳವೇ ಅದು. ತೋಟದ ಗಿಡಗಳಿಗೆ ಮಕ್ಕಳು ಸೀದಾ ಕೆಂಪು ಹಚ್ಚುತ್ತಾರೆ, ಎರಡು ಸಾವಿರ ವರ್ಷದ ಗಿಡ ಯಾರಿಗೆ ಗೊತ್ತು ಅಂತ. ಆಗ ವಿಲ್ಹೆಲ್ಮಿನಾ ಜಶೆಮ್‌ಸ್ಕಿ ಅವರ ಕೆಲಸ ಹೇಳುತ್ತೇನೆ. 1960ರ ದಶಕದಿಂದ ಅವರು ಪಾಂಪೆಯ ತೋಟಗಳನ್ನು ಅಗೆದರು. ಬೇರು ಕೊಳೆತು ಉಳಿದ ಪೊಳ್ಳನ್ನು ಹುಡುಕಿ, ಅದರಲ್ಲಿ ಬಿದ್ದ ಕಲ್ಲುಹರಳು ತೆಗೆದು, ಸಿಮೆಂಟ್ ತುಂಬಿ, ಗಟ್ಟಿಯಾದ ಮೇಲೆ ಸುತ್ತಲಿನ ಮಣ್ಣು ಬಿಡಿಸಿದರೆ ಬೇರಿನ ಆಕಾರ ಕೈಗೆ ಬರುತ್ತಿತ್ತು. ಅದರಿಂದ ಎಷ್ಟೋ ಕಡೆ ಯಾವ ಮರ ಅಂತ ಗುರುತಿಸಿದರು. ಕೇಳಿದ ಮೇಲೆ ಎಷ್ಟೋ ಮಕ್ಕಳು ಕೆಂಪು ಅಳಿಸಿ ಈ ಮನೆಯ ತೋಟದಲ್ಲೂ ಹಾಗೆ ನೋಡಿದ್ದಾರಾ ಅಂತ ಕೇಳುತ್ತಾರೆ. ಅದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ.

ಕೊನೆಗೆ ಯಜಮಾನನ ಮಾತು. ಹಲಗೆಗಳ ಲೆಕ್ಕ ಕ್ರಿ.ಶ. 62ಕ್ಕೆ ನಿಲ್ಲುತ್ತದೆ. ಆ ಸುಮಾರಿಗೆ ಊರಿನಲ್ಲಿ ದೊಡ್ಡ ಭೂಕಂಪ ಆಗಿತ್ತು. ಜ್ವಾಲಾಮುಖಿ ಸಿಡಿದದ್ದು 79ರಲ್ಲಿ. ಮಧ್ಯೆ 17 ವರ್ಷ. ಅಷ್ಟು ದಿನ ಆ ಮನೆಯಲ್ಲಿ ಇದ್ದವರು ಯಾರು? ನಾವು ಸುತ್ತಿದ್ದು ಅವನ ಮನೆಯನ್ನಾ, ಅವನ ಮಗನ ಮನೆಯನ್ನಾ, ಇನ್ಯಾರದ್ದೋ ಮನೆಯನ್ನಾ? ಮಾದರಿಯ ಹೆಸರಿಗೇ ಯಾವ ಬಣ್ಣ ಹಚ್ಚಬೇಕು ಅಂತ ಕೇಳಿದರೆ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ.

ಅದೇ ಬ್ಲಾಕಿನ ಇನ್ನೊಂದು ಮನೆಯಲ್ಲಿ ಲುಂಡ್ ವಿಶ್ವವಿದ್ಯಾಲಯದವರು ಮಾಡಿದ ಒಂದು ಅಧ್ಯಯನ 2022ರಲ್ಲಿ ಬಂತು. ಹೆಡ್‌ಸೆಟ್ಟಿನಲ್ಲೇ ಕಣ್ಣಿನ ಚಲನೆ ಹಿಡಿಯುವ ಸಾಧನ ಇಟ್ಟು, ಮನೆಯೊಳಗೆ ಬಂದವರ ನೋಟ ಎಲ್ಲಿಗೆ ಹೋಗುತ್ತದೆ ಅಂತ ಗುರುತು ಮಾಡಿದರು. ಮನೆಯ ಯಜಮಾನ ಚಿತ್ರ, ಬೆಳಕು, ಕಂಬಗಳಿಂದ ಬಂದವರ ಗಮನವನ್ನು ಹೇಗೆ ಸೆಳೆಯುತ್ತಿದ್ದ ಅನ್ನುವ ಪ್ರಶ್ನೆಗೆ ಇದು ಹೊಸ ದಾರಿ. ನನಗೆ ಈ ಕೆಲಸ ತುಂಬ ಇಷ್ಟ. ಆದರೂ ಒಂದು ಎಚ್ಚರ ಬೇಕು. ಆ ಕಣ್ಣುಗಳು ಇಂದಿನವು. ದೇವರ ಗೂಡು ಕಂಡರೆ ರೋಮನ್ ಮನುಷ್ಯನ ಕಣ್ಣು ನಿಲ್ಲುತ್ತಿದ್ದ ಹಾಗೆ ನಮ್ಮದು ನಿಲ್ಲಬೇಕಿಲ್ಲ.

ಕಲಿಕೆಯ ಬಗ್ಗೆ ಬಂದ ಸಂಶೋಧನೆಗಳೂ ಇದೇ ಎಚ್ಚರ ಹೇಳುತ್ತವೆ. ಪರೋಂಗ್ ಮತ್ತು ಮೇಯರ್ 2018ರಲ್ಲಿ ಒಂದು ಜೀವಶಾಸ್ತ್ರದ ಪಾಠವನ್ನು ಕೆಲವರಿಗೆ ವಿಆರ್‌ನಲ್ಲಿ, ಕೆಲವರಿಗೆ ಸ್ಲೈಡುಗಳಲ್ಲಿ ಕೊಟ್ಟು ನೋಡಿದರು. ವಿಆರ್‌ನವರಿಗೆ ಖುಷಿ, ಆಸಕ್ತಿ ಜಾಸ್ತಿ. ಪರೀಕ್ಷೆಯಲ್ಲಿ ಮುಂದಿದ್ದವರು ಸ್ಲೈಡಿನವರು. ಆದರೆ ವಿಆರ್ ಪಾಠವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನ ನಂತರ ನೋಡಿದ್ದನ್ನು ತಮ್ಮ ಮಾತಿನಲ್ಲಿ ಬರೆಯಿರಿ ಅಂದಾಗ ಕಲಿಕೆ ಏರಿತು. ಕಣ್ಣ ತುಂಬ ಸುರಿದರೆ ತಲೆಗೆ ಯೋಚಿಸಲು ಬಿಡುವು ಸಿಗುವುದಿಲ್ಲ. ಹಾಗಾಗಿ ಸ್ವಲ್ಪ ನೋಡಿ, ಹೊರಗೆ ಬಂದು, ಬರೆದು, ಮತ್ತೆ ಒಳಗೆ ಹೋಗುವುದು ಒಳ್ಳೆಯದು. ತಲೆಸುತ್ತಿಗೂ ಇದೇ ಮದ್ದು. ಕಣ್ಣು ನಡೆಯುತ್ತಿದ್ದೇನೆ ಅನ್ನುತ್ತದೆ, ಒಳಕಿವಿ ಕೂತಿದ್ದೇನೆ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ನಡೆಸುವ ಬದಲು ಒಂದು ಜಾಗದಿಂದ ಇನ್ನೊಂದಕ್ಕೆ ಹಾರಿಸುವ ಮಾದರಿಗಳಲ್ಲಿ ಈ ಕಾಟ ಕಡಿಮೆ. ತಯಾರಕರು ಹೇಳಿದ ವಯಸ್ಸಿನ ಮಿತಿಯನ್ನು ಮೀರಬೇಡಿ.

ನನ್ನನ್ನು ಕಾಡುವ ಇನ್ನೊಂದು ವಿಷಯ ಈ ಊರುಗಳ ಖಾಲಿತನ. ಜನರನ್ನು ಚಿತ್ರಿಸಿ ನಡೆಸುವುದು ಕಷ್ಟ, ದುಬಾರಿ. ಹಾಗಾಗಿ ಬೀದಿಗಳು ಬರಿದು. ಅಮೃತಶಿಲೆ ಹೊಳೆಯುತ್ತದೆ, ಹೊಗೆ ಇಲ್ಲ, ಕೊಚ್ಚೆ ಇಲ್ಲ, ಹೊರೆ ಹೊತ್ತ ಗುಲಾಮ ಇಲ್ಲ. ಕಲ್ಲಿನಲ್ಲಿ ಕಟ್ಟಿಸಿದವರ ಮನೆ ಉಳಿದಿದೆ, ಮರ ಮತ್ತು ಮಣ್ಣಿನಲ್ಲಿ ಬದುಕಿದವರದ್ದು ಹೋಗಿದೆ. ಉಳಿದದ್ದನ್ನು ಮಾತ್ರ ಚಂದ ಮಾಡಿ ಕಟ್ಟುತ್ತಾ ಹೋದರೆ ಹಿಂದೆ ಎಲ್ಲರೂ ಅರಮನೆಯಲ್ಲೇ ಇದ್ದರು ಅಂತ ಮಕ್ಕಳು ನಂಬುತ್ತಾರೆ. ಪ್ರತಿ ಮಾದರಿಯಲ್ಲೂ ನೀರು ತಂದವರು ಯಾರು, ಕಸ ಎತ್ತಿದವರು ಯಾರು, ಅವರು ಮಲಗುತ್ತಿದ್ದದ್ದು ಎಲ್ಲಿ ಅಂತ ದಯವಿಟ್ಟು ಕೇಳಿಸಿ. ಉತ್ತರ ಮಾದರಿಯಲ್ಲಿ ಇರುವುದಿಲ್ಲ. ಮಕ್ಕಳು ಪುಸ್ತಕಕ್ಕೆ, ಶಾಸನಕ್ಕೆ, ಅಗೆತದ ವರದಿಗೆ ಹೋಗಬೇಕಾಗುತ್ತದೆ. ಹೋಗಲಿ ಅಂತಲೇ ನನ್ನ ಆಸೆ.

ಮಾತು ಮುಗಿದ ಮೇಲೆ ಒಬ್ಬ ಶಿಕ್ಷಕಿ ಕೇಳಿದರು: "ಹೆಡ್‌ಸೆಟ್ ಕೊಳ್ಳುವ ಶಕ್ತಿ ನಮ್ಮ ಶಾಲೆಗಿಲ್ಲ ಸರ್. ನಾವೇನು ಮಾಡಬೇಕು?"

ಹೆಡ್‌ಸೆಟ್ ಕೊಂಡ ಶಾಲೆಗಳೂ ನಿಶ್ಚಿಂತೆಯಿಂದಿಲ್ಲ ಅಂತ ಹೇಳಿದೆ. ಗೂಗಲ್ 2015ರಲ್ಲಿ ಶಾಲೆಗಳಿಗೆ ಅಂತ 'ಎಕ್ಸ್‌ಪೆಡಿಶನ್ಸ್' ತಂದಿತು, 2021ರಲ್ಲಿ ನಿಲ್ಲಿಸಿತು. ಅದನ್ನೇ ನಂಬಿ ಪಾಠ ಕಟ್ಟಿಕೊಂಡವರು ಹೊಸದಾಗಿ ಶುರು ಮಾಡಬೇಕಾಯಿತು. ಹಾಗಾಗಿ ಸಾಧನದ ಮೇಲೆ ಪಾಠ ಕಟ್ಟಬೇಡಿ, ಪ್ರಶ್ನೆಯ ಮೇಲೆ ಕಟ್ಟಿ. ಮಾದರಿಯ ವಿಡಿಯೋ ಸಿಕ್ಕರೆ ಒಂದು ಕಂಪ್ಯೂಟರ್ ಸಾಕು. ಒಬ್ಬ ಹುಡುಗಿ ವಿಡಿಯೋ ನಿಲ್ಲಿಸುತ್ತಾ ಓಡಿಸುತ್ತಾ ಇರಲಿ, ಉಳಿದವರು ನಕ್ಷೆ ಹಿಡಿದು "ಇಲ್ಲಿ ನಿಲ್ಲಿಸು, ಆ ಕಿಟಕಿ ನಕ್ಷೆಯಲ್ಲಿ ಇಲ್ಲ" ಅಂತ ತಡೆಯಲಿ. ಅಳತೆ ಮೈಗೆ ತಿಳಿಯಬೇಕು ಅಂದರೆ ನಕ್ಷೆಯ ಒಂದು ಕೋಣೆಯನ್ನು ಆಟದ ಬಯಲಿನಲ್ಲಿ ಸುಣ್ಣದ ಪುಡಿಯಿಂದ ನಿಜವಾದ ಅಳತೆಗೆ ಎಳೆದು ಎಲ್ಲರನ್ನೂ ಒಳಗೆ ನಿಲ್ಲಿಸಿ. ಪೆನ್ಸಿಲ್ಲಿನ ಮೂರು ಬಣ್ಣ ಮಾತ್ರ ಬಿಡಬೇಡಿ.